ವಿಚಾರ ಸಂಕಿರಣದ ಡೇಟಾಬೇಸ್: ನಾಲ್ಕನೇ ಲೇಖಕರನ್ನು ಎಲ್ಲಿಡೋದು?

ಪ್ರಶ್ನೆ: ಶಂಕರಘಟ್ಟದಲ್ಲಿ ಎರಡು ದಿನದ ಸಂಕಿರಣ. ಪ್ರಬಂಧದ ಟೇಬಲ್‌ನಲ್ಲೇ ಲೇಖಕ1, ಲೇಖಕ2, ಲೇಖಕ3 ಅಂತ ಕಾಲಂ ಇದೆ. ಒಂದೇ ಪ್ರಬಂಧಕ್ಕೆ ನಾಲ್ವರು ಬಂದರೆ? ವಿಮರ್ಶಕರು, ಗೋಷ್ಠಿಗಳ ವಿವರವನ್ನೂ ಇದರಲ್ಲೇ ಇಡಬೇಕು.

ಉತ್ತರ 1: ಆ ಮೂರೂ ಕಾಲಂ ತೆಗೀರಿ ಸರ್. ವ್ಯಕ್ತಿ ಒಂದು ಟೇಬಲ್, ಪ್ರಬಂಧ ಇನ್ನೊಂದು. ನಡುವೆ ಪ್ರಬಂಧ_ಲೇಖಕ ಟೇಬಲ್, ಒಬ್ಬೊಬ್ಬ ಲೇಖಕರಿಗೆ ಒಂದೊಂದು ಸಾಲು; ಎರಡೂ ಐಡಿ ಸೇರಿ ಪ್ರೈಮರಿ ಕೀ, ಅಂದರೆ ಸಾಲಿನ ಗುರುತು. ಅದರಲ್ಲಿ ಹೆಸರಿನ ಕ್ರಮಸಂಖ್ಯೆಯೂ ಇರಲಿ. ಇಲ್ಲದಿದ್ದರೆ ಪ್ರಮಾಣಪತ್ರದಲ್ಲಿ ಮೊದಲ ಲೇಖಕರು ಕೊನೆಗೆ ಬಂದು ಜಗಳ ಗ್ಯಾರಂಟಿ. ಊರಿಗೂ ಬೇರೆ ಟೇಬಲ್ ಮಾಡಿ, ಇಲ್ಲದಿದ್ದರೆ ಶಿವಮೊಗ್ಗ, ಶಿಮೊಗ್ಗ ಎರಡು ಊರಾಗಿಬಿಡುತ್ತವೆ.

ಉತ್ತರ 2: ವಿಮರ್ಶಕರಿಗೆ ಪ್ರತ್ಯೇಕ ವ್ಯಕ್ತಿ ಟೇಬಲ್ ಬೇಡ, ಲೇಖಕರೇ ವಿಮರ್ಶಕರೂ ಆಗಿರ್ತಾರೆ. ತಮ್ಮದೇ ಪ್ರಬಂಧಕ್ಕೆ ಅಂಕ ಹಾಕದಂತೆ ಟ್ರಿಗರ್ (ಸಾಲು ಸೇರಿಸುವಾಗ ತಾನಾಗಿ ಓಡುವ ಕೋಡ್) ಬರೀರಿ. ಸಾಲಿನ ಮೌಲ್ಯ ಪರೀಕ್ಷಿಸುವ ಚೆಕ್ ಕನ್‌ಸ್ಟ್ರೈಂಟ್‌ ಸಾಲದು, ಹೆಚ್ಚಿನ ಡೇಟಾಬೇಸ್‌ಗಳಲ್ಲಿ ಅದರೊಳಗೆ ಬೇರೆ ಟೇಬಲ್‌ ಮೇಲೆ ಸಬ್‌ಕ್ವೆರಿ (ಒಳಗಿನ ಹುಡುಕಾಟ) ನಡೆಯೋದಿಲ್ಲ.

ಉತ್ತರ 3: ಗೋಷ್ಠಿಗಳಿಗೆ ಕೊಠಡಿ ಮತ್ತು ಆರಂಭದ ಸಮಯದ ಜೋಡಿಯನ್ನು ಯುನೀಕ್ (ಎರಡು ಸಲ ಬರದಂತೆ) ಮಾಡಿದರೆ ಸಾಲದು. 10:00ರಿಂದ 11:30ರ ಗೋಷ್ಠಿ ಇರುವಾಗಲೇ 11:00ರದ್ದು ಅದೇ ಕೊಠಡಿಗೆ ನುಸುಳುತ್ತೆ. ನಿಮ್ಮ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ ಆದರೆ ಬಿಟ್ರೀ_ಜಿಸ್ಟ್ ಎಕ್ಸ್‌ಟೆನ್ಶನ್ ಹಾಕಿ, ಒಂದೇ ಕೊಠಡಿಯಲ್ಲಿ ಸಮಯ ಒಂದರ ಮೇಲೊಂದು ಬರದಂತೆ ತಡೆಯುವ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೈಂಟ್ ಕೊಡಿ.