ಚಕ್ರ ಒಳಗಿದ್ದರೂ ಪಂಪ್ ಯಾಕೆ ಮತ್ತೆ ಮತ್ತೆ ಓಡುತ್ತೆ?

ರೆಕ್ಕೆಪುಕ್ಕ: ನನ್ನದು ಪೈಪರ್ ಆ್ಯರೋ 3, ಚಕ್ರ ಒಳಗೆ ಮಡಚಿಕೊಳ್ಳೋ ಪುಟ್ಟ ವಿಮಾನ. ಒಂದು ತಿಂಗಳಿಂದ ಇದೇ ಕಾಟ. ಟೇಕಾಫ್ ಆದಮೇಲೆ ಚಕ್ರ ಎತ್ತಿದರೆ ಏಳು ಸೆಕೆಂಡಿಗೆ ಒಳಗೆ ಹೋಗುತ್ತೆ, ಕೆಂಪು ದೀಪ ಆರುತ್ತೆ. ಆಮೇಲೆ ಕ್ರೂಸ್‌ನಲ್ಲಿ, ಅಂದರೆ ಸಮಮಟ್ಟದಲ್ಲಿ ಹಾರ್ತಿರುವಾಗ, ನಾಲ್ಕು ನಿಮಿಷಕ್ಕೊಮ್ಮೆ ಪಂಪ್ ಗುರ್ ಅಂದು ಒಂದು ಸೆಕೆಂಡ್ ಓಡಿ ನಿಲ್ಲುತ್ತೆ. ಎಲ್ಲೂ ಎಣ್ಣೆ ತೊಟ್ಟಿಕ್ಕಿಲ್ಲ, ಟ್ಯಾಂಕಿನ ಮಟ್ಟವೂ ಇಳಿದಿಲ್ಲ. ವರ್ಕ್‌ಶಾಪ್‌ನವರು ಕವರ್ ಕೂಡ ಬಿಚ್ಚದೆ ‘ಪವರ್ ಪ್ಯಾಕ್ (ಪಂಪ್, ಮೋಟರ್, ಎಣ್ಣೆ ಟ್ಯಾಂಕ್ ಸೇರಿದ ಡಬ್ಬ) ಹೋಗಿದೆ, ಹೊಸದು ಹಾಕಿ’ ಅಂದರು. ಹಾಕಿಸೋದಾ?

ಹಳೇ ಸ್ಪ್ಯಾನರ್: ಬೇಡ. ಆ್ಯರೋದಲ್ಲಿ ಚಕ್ರ ಮೇಲೆ ಹೋದಮೇಲೆ ಹಿಡಿದಿಡೋಕೆ ಕೊಕ್ಕೆ ಇಲ್ಲ. ಎಣ್ಣೆಯ ಒತ್ತಡವೇ ಹಿಡಿದಿರುತ್ತೆ. ಸುಮಾರು 1800 ಪಿಎಸ್ಐ ಬಂದಾಗ ಪ್ರೆಷರ್ ಸ್ವಿಚ್ ಪಂಪ್ ನಿಲ್ಲಿಸುತ್ತೆ, ಒತ್ತಡ ಒಂದಷ್ಟು ಇಳಿದರೆ ಮತ್ತೆ ಎಬ್ಬಿಸುತ್ತೆ. ಎಲ್ಲೋ ಒತ್ತಡ ಸೋರ್ತಿದೆ, ಪಂಪ್ ತುಂಬಿಸ್ತಿದೆ. ಕೊಡ ತೂತಾಗಿದ್ದರೆ ನೀರು ಸೇದೋರನ್ನ ಬೈದು ಏನು ಬಂತು?

ಹೊರಗೆ ಎಣ್ಣೆ ಕಾಣ್ತಿಲ್ಲ ಅಂದರೆ ಒಳಸೋರಿಕೆ, ಅಂದರೆ ಚಕ್ರ ಎತ್ತೋ ‘ಮೇಲೆ’ ಪೈಪ್ ಸಾಲಿನಿಂದ ಇಳಿಸೋ ‘ಕೆಳಗೆ’ ಸಾಲಿಗೆ ನುಸುಳ್ತಿದೆ. ನನ್ನ ಪಂತ ಫ್ರೀ-ಫಾಲ್ ವಾಲ್ವ್ ಮೇಲೆ, ಪಂಪ್ ಕೈಕೊಟ್ಟಾಗ ಒತ್ತಡ ಬಿಟ್ಟು ಚಕ್ರ ತಾನಾಗಿ ಇಳಿಯೋ ಹಾಗೆ ಮಾಡೋದು. ಸೀಟುಗಳ ನಡುವಿನ ತುರ್ತು ಲಿವರ್ ಪೂರ್ತಿ ತನ್ನ ಜಾಗದಲ್ಲಿ ಕೂತಿದೆಯಾ ಮೊದಲು ನೋಡಿ. ಕೂದಲೆಳೆಯಷ್ಟು ತೆರೆದಿದ್ದರೂ ಇದೇ ಲಕ್ಷಣ.

ಮೂರು ಹಸಿರು: ಸ್ಪ್ಯಾನರ್ ಅವರೇ, ಪವರ್ ಪ್ಯಾಕ್ ಒಳಗೂ ಎಣ್ಣೆಯನ್ನ ಒಂದೇ ದಿಕ್ಕಿಗೆ ಬಿಡೋ ಚೆಕ್ ವಾಲ್ವ್ ಇರುತ್ತಲ್ಲ? ಅದರ ಸೀಟಿನಲ್ಲಿ ಒಂದು ಕಸ ಸಿಕ್ಕರೆ ಸಾಕು. ವರ್ಕ್‌ಶಾಪ್ ಊಹಿಸಿದ್ದು ತಪ್ಪಿರಬಹುದು, ಅಸಾಧ್ಯವೇನಲ್ಲ. ಪ್ರೆಷರ್ ಸ್ವಿಚ್ ಹಳೇದಾಗಿ ಆನ್-ಆಫ್ ನಡುವಿನ ಅಂತರ ಕಿರಿದಾಗಿದ್ದರೆ, ಸಹಜವಾದ ಚೂರು ಇಳಿತಕ್ಕೂ ಪಂಪ್ ಎದ್ದು ಕೂರುತ್ತೆ.

ಹಳೇ ಸ್ಪ್ಯಾನರ್: ಒಪ್ಪಿದೆ. ಅದಕ್ಕೇ ಹೇಳಿದ್ದು, ಅಳೆದು ಆಮೇಲೆ ಬಿಚ್ಚಿ.

ಗಾಳಿಪಟ: ಇಷ್ಟೆಲ್ಲ ತಲೆಬಿಸಿ ಯಾಕೆ? ಚಕ್ರ ಮೇಲೆ ಹೋದಮೇಲೆ ಪಂಪ್‌ಗೆ ಕರೆಂಟ್ ಕಡಿಯೋ ಬ್ರೇಕರ್ ಎಳೆದುಬಿಡಿ. ಇಳಿಯೋ ಮುಂಚೆ ಒತ್ತಿದರಾಯ್ತು. ಮೋಟರೂ ಉಳಿಯುತ್ತೆ.

ಮೂರು ಹಸಿರು: ದಯವಿಟ್ಟು ಯಾರೂ ಇದನ್ನ ಮಾಡಬೇಡಿ. ಸೋರಿಕೆ ಇರೋ ವಿಮಾನದಲ್ಲಿ ಬ್ರೇಕರ್ ಎಳೆದರೆ ಚಕ್ರ ತಾನಾಗಿ ಜೋಲುತ್ತೆ. ಆ್ಯರೋ 3ರಲ್ಲಿ ಚಕ್ರ ಹೊರಗಿದ್ದಾಗ ಮಿತಿ 129 ನಾಟ್, ಕ್ರೂಸ್‌ನಲ್ಲಿ ನೀವು ಅದಕ್ಕಿಂತ ಜೋರಾಗಿ ಹೋಗ್ತಿರಬಹುದು. ಬಾಗಿಲು ಅರ್ಧ ತೆರೆದು, ಕೆಂಪು ದೀಪ ಹೊತ್ತಿ, ಅದೂ ಮೋಡದೊಳಗೆ. ಮರೆತು ಹಾಗೇ ಇಳಿಯೋ ಅಪ್ರೋಚ್‌ಗೆ ಬಂದರೆ ಚಕ್ರದ ಲಿವರ್ ಕೆಳಗೆ ಹಾಕಿದರೂ ಪಂಪ್ ಮಿಸುಕಾಡಲ್ಲ.

ಗಾಳಿಪಟ: ಫ್ರೀ-ಫಾಲ್ ಇದೆಯಲ್ಲ.

ಮೂರು ಹಸಿರು: ಇದೆ. ಅದು ಆಪತ್ತಿಗೆ ಇಟ್ಟಿದ್ದು. ದಿನಾ ಅದನ್ನೇ ನೆಚ್ಚಿಕೊಂಡು ಹಾರೋದಾ?

ಓ-ರಿಂಗ್: ತಡವಾಗಿ ಬಂದೆ. ಹುಡುಕೋ ಕ್ರಮ ಬರೀತೀನಿ. ಇದು ಸಹಿ ಹಾಕೋ ಎಂಜಿನಿಯರ್ ಮುಂದೆ, ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡು ಮಾಡೋ ಕೆಲಸ.

ವಿಮಾನ ಜ್ಯಾಕ್ ಮೇಲೆ, ಬಾಲಕ್ಕೆ ಭಾರ, ಹೊರಗಿನ ಕರೆಂಟ್. ಚಕ್ರ ಎತ್ತಿ, ಪಂಪ್ ನಿಂತಮೇಲೆ ಬ್ರೇಕರ್ ಎಳೆದು, ಗಡಿಯಾರ ಹಿಡಿದು ದೂರ ನಿಲ್ಲಿ. ಯಾವ ಕಾಲು ಮೊದಲು ಜೋಲುತ್ತೆ ನೋಡಿ. ಆದರೆ ಅದನ್ನ ಪೂರ್ತಿ ನಂಬಬೇಡಿ, ಮೂರೂ ಸಿಲಿಂಡರಿಗೆ ಒಂದೇ ಸಾಲು. ಮುಂದಿನದು, ಚಕ್ರ ಇಳಿಸಿ, ಒತ್ತಡ ಬಿಟ್ಟು, ಪ್ರೆಷರ್ ಸ್ವಿಚ್‌ನ ಆಚೆ ‘ಮೇಲೆ’ ಸಾಲನ್ನ ಬಿಚ್ಚಿ ಮುಚ್ಚಳ ಹಾಕಿ ಪಂಪ್ ಓಡಿಸಿ. ಒತ್ತಡ ಇಳಿಯದೆ ನಿಂತರೆ ಪವರ್ ಪ್ಯಾಕ್ ನಿರ್ದೋಷಿ. ನಿಲ್ಲದಿದ್ದರೆ ಮಾತ್ರ ಅವಸರ ಬೇಡ: ಮುಚ್ಚಿದ ಸಾಲಿನಲ್ಲಿ ಎಣ್ಣೆ ಚಮಚದಷ್ಟು, ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣುತ್ತೆ. ಒಳ್ಳೇ ಪ್ಯಾಕ್‌ಗಳನ್ನ ಇಲ್ಲೇ ಎಷ್ಟೋ ಜನ ಕಸಕ್ಕೆ ಹಾಕೋದು.

ಪ್ಯಾಕ್ ಪಾರಾದರೆ ಸಾಲನ್ನ ಮತ್ತೆ ಕೂಡಿಸಿ, ಚಕ್ರ ಎತ್ತಿ, ಬ್ರೇಕರ್ ಎಳೆದು, ಒಂದೊಂದೇ ಸಿಲಿಂಡರಿನ ‘ಕೆಳಗೆ’ ಬದಿಯ ಪೈಪ್ ಬಿಚ್ಚಿ. ಎಣ್ಣೆ ಸಿಲಿಂಡರಿನ ಬಾಯಿಂದಲೇ ಬರ್ತಿದ್ದರೆ ಆ ಪಿಸ್ಟನ್ನಿನ ಸೀಲ್ ಹೋಗಿದೆ. ಮೂರೂ ಒಣಗಿದ್ದರೆ ಸ್ಪ್ಯಾನರ್ ಗೆದ್ದರು, ಫ್ರೀ-ಫಾಲ್ ವಾಲ್ವ್. ಜೋಲೋ ಕಾಲಿನ ಕೆಳಗೆ ಕೈ ತಲೆ ಇಡಬೇಡಿ.

ಎಣ್ಣೆ ಮಿಲ್-ಎಚ್-5606, ಕೆಂಪು ಬಣ್ಣದ್ದು. ಯಾರಾದರೂ ಕಾರಿನ ಡಾಟ್ ಬ್ರೇಕ್ ಆಯಿಲ್ ಸುರಿದಿದ್ದರೆ ಸೀಲುಗಳೆಲ್ಲ ಊದಿಕೊಂಡಿರುತ್ತವೆ, ಆಗ ಒಂದನ್ನ ಹುಡುಕಿ ಪ್ರಯೋಜನವಿಲ್ಲ.

ಮೋಡದಮರಿ: ನಡುವೆ ಬಾಯಿ ಹಾಕ್ತೀನಿ. ನನ್ನದೂ ಆ್ಯರೋ. ನಿನ್ನೆ ಚಕ್ರ ಇಳಿಸಿದರೆ, ಇಳಿದು ಕೂತಿವೆ ಅಂತ ಹೇಳೋ ಮೂರೂ ಹಸಿರು ದೀಪ ಹೊತ್ತಲಿಲ್ಲ!

ಮೂರು ಹಸಿರು: ಹಗಲಲ್ಲಿ ನ್ಯಾವ್ ಲೈಟ್ (ರೆಕ್ಕೆ, ಬಾಲದ ದೀಪ) ಹಾಕಿದ್ರಾ? ಅದು ಆನ್ ಆದರೆ ಗೇರ್ ದೀಪಗಳು ರಾತ್ರಿಗೆ ಬೇಕಾದಷ್ಟು ಮಂಕಾಗ್ತವೆ. ಬಿಸಿಲಿಗೆ ಕಾಣಲ್ಲ.

ಮೋಡದಮರಿ: ...ಹಾಕಿದ್ದೆ. ನಾನು ಬರಲೇ ಇಲ್ಲ ಅಂದ್ಕೊಳ್ಳಿ.

ಮೂರು ಹಸಿರು: ಪರವಾಗಿಲ್ಲ, ನನ್ನ ಹೆಸರು ಹೀಗಾಗಿದ್ದು ಅದಕ್ಕೇ. ಒಂದೇ ಹೊತ್ತದಿದ್ದರೆ ಬಲ್ಬ್ ಕಿತ್ತು ಪಕ್ಕದ್ದರ ಜೊತೆ ಅದಲುಬದಲು ಮಾಡಿ ನೋಡಿ.

ರೆಕ್ಕೆಪುಕ್ಕ: ಎರಡು ವಾರ ಬಿಟ್ಟು ಬರೀತಿದ್ದೀನಿ. ಬೇರೆ ಎಂಜಿನಿಯರ್ ಹತ್ತಿರ ಹೋದೆ. ತುರ್ತು ಲಿವರ್ ಸರಿಯಾಗೇ ಕೂತಿತ್ತು. ಮುಚ್ಚಳ ಹಾಕಿದಾಗ ಅರ್ಧ ಗಂಟೆ ಪಂಪ್ ಕಮಕ್ ಕಿಮಕ್ ಅನ್ನಲಿಲ್ಲ. ಬಲಗಡೆ ಸಿಲಿಂಡರಿನ ಬಾಯಿಂದ ಹನಿಹನಿ ಕೆಂಪೆಣ್ಣೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಸೀಲ್, ಅಂದರೆ ಓ-ರಿಂಗ್ ಅನ್ನೋ ರಬ್ಬರ್ ಬಳೆ, ಒಂದು ಕಡೆ ಚಪ್ಪಟೆ, ಉಗುರಿಟ್ಟರೆ ಮುರಿಯೋವಷ್ಟು ಗಟ್ಟಿ.

ಹಳೇ ಸ್ಪ್ಯಾನರ್: ಪಂತ ಸೋತೆ. ಮೂರಕ್ಕೂ ಸೀಲ್ ಹಾಕಿಸಿದ್ರಿ ತಾನೇ? ಒಂದೇ ವಯಸ್ಸಿನವು.

ರೆಕ್ಕೆಪುಕ್ಕ: ಮೂರಕ್ಕೂ ಹಾಕಿಸಿ, ಮೇಲೆ-ಕೆಳಗೆ ಹತ್ತು ಸಲ ಮಾಡಿ ಗಾಳಿ ತೆಗೆದರು. ಈಗ ಒಂದೂವರೆ ಗಂಟೆ ಹಾರಾಟದಲ್ಲಿ ಪಂಪ್ ಎರಡೇ ಸಲ ಎದ್ದಿತು, ಎರಡೂ ಮೇಲೇರ್ತಿದ್ದಾಗ. ಇದೂ ಸೋರಿಕೆಯಾ?

ಓ-ರಿಂಗ್: ಮೇಲೆ ಚಳಿ, ಎಣ್ಣೆ ಕುಗ್ಗುತ್ತೆ, ಒತ್ತಡ ಇಳಿಯುತ್ತೆ. ನಾನಾದರೆ ಬಿಟ್ಟುಬಿಡ್ತೀನಿ.

ಹಳೇ ಸ್ಪ್ಯಾನರ್: ನಾನು ಬಿಡಲ್ಲ. ಹಾರಿದಾಗಲೆಲ್ಲ ಎಷ್ಟು ಸಲ ಎದ್ದಿತು ಅಂತ ಲಾಗ್‌ನಲ್ಲಿ ಬರೆದಿಡಿ. ಎರಡು ಮೂರಾದ ದಿನ ಇಲ್ಲಿಗೆ ಬನ್ನಿ, ಪ್ರೆಷರ್ ಸ್ವಿಚ್ ಇನ್ನೂ ಯಾರೂ ಅಳೆದಿಲ್ಲ.