ಒಂದು ಕೆಜಿ ಶುದ್ಧ ಟಾಲ್ಕ್ ಪುಡಿ ಇದೆ: ಟ್ಯೂಬಿಗಲ್ಲದೆ ಇನ್ನೆಲ್ಲಿ ಬಳಸಬಹುದು?

ಪ್ರಶ್ನೆ | ಎರಡುಗಾಲಿ

ಸೈಕಲ್ ಟ್ಯೂಬಿಗೆ ಹಾಕಲು ರಬ್ಬರ್ ಸಾಮಾನಿನ ಅಂಗಡಿಯಲ್ಲಿ ಫ್ರೆಂಚ್ ಚಾಕ್ (ಅಂದರೆ ಟಾಲ್ಕ್ ಪುಡಿ) ಕೇಳಿದರೆ ಕೆಜಿ ಪೊಟ್ಟಣವೇ ಸಿಕ್ಕಿತು. ವಾಸನೆ ಇಲ್ಲ, ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಉಳಿದದ್ದನ್ನು ಮನೆಯಲ್ಲಿ ಯಾವುದಕ್ಕೆ ಬಳಸಬಹುದು? ವೆಟ್ ಗ್ರೈಂಡರ್ ಬೆಲ್ಟ್ ಕಿರುಗುಟ್ಟುತ್ತಿದೆ, ಅದಕ್ಕೂ ಹಾಕಬಹುದೇ? ಮುಖಕ್ಕೆ ಹಚ್ಚುವ ಪೌಡರೂ ಇದೂ ಒಂದೇನಾ?

ಉತ್ತರ 1 | ಬಳಪದಕಲ್ಲು

ಮೂಲ ಒಂದೇ, ಡಬ್ಬಿಯೊಳಗಿನದು ಒಂದೇ ಅಲ್ಲ. ಮುಖದ ಪೌಡರಿನಲ್ಲಿ ಸುಗಂಧ ಇರುತ್ತದೆ. ಕೆಲವದರಲ್ಲಿ ಸುಣ್ಣದ ಕಲ್ಲಿನ ಪುಡಿ, ಜೋಳದ ಪಿಷ್ಟವೂ ಸೇರಿರುತ್ತವೆ. ನಿಮ್ಮದು ಬರೀ ಮೆಗ್ನೀಸಿಯಂ ಸಿಲಿಕೇಟ್, ಖನಿಜಗಳಲ್ಲೆಲ್ಲ ಅತಿ ಮೆತ್ತಗಿನದು. ಮೋಸ್ ಗಡಸುತನದ ಪಟ್ಟಿಯಲ್ಲಿ ಅದರ ಅಂಕ 1. ಇದರ ರಚನೆ ಇಸ್ಪೀಟೆಲೆ ಜೋಡಿಸಿಟ್ಟಂತೆ ಪದರ ಪದರ. ಒಂದರ ಮೇಲೊಂದು ಜಾರುವುದರಿಂದಲೇ ಆ ನುಣುಪು. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದ್ದೂ ಆ ಕಲ್ಲಿನ ಈ ಮೆದುತನದಿಂದಲೇ.

ಶುದ್ಧವೋ ಅಲ್ಲವೋ ನೋಡಲು ಅರ್ಧ ಚಮಚ ಪುಡಿಗೆ ವಿನೆಗರ್ ಹಾಕಿ. ಬುರುಗು ಬಂದರೆ ಸುಣ್ಣದ ಕಲ್ಲು ಬೆರೆತಿದೆ. ಇನ್ನೊಂದು ಚಿಟಿಕೆಗೆ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇದೆ. ಪಿಷ್ಟ ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಹಾಗಾಗಿ ರಬ್ಬರ್ ಕೆಲಸಕ್ಕೆ ಬೇಡ. ಟಾಲ್ಕ್ ನೀರಿಗೆ ಒಗ್ಗುವುದಿಲ್ಲ. ಲೋಟದ ನೀರಿನ ಮೇಲೆ ಉದುರಿಸಿದರೆ ತುಂಬ ಹೊತ್ತು ತೇಲುತ್ತಲೇ ಇರುತ್ತದೆ.

ಗ್ರೈಂಡರ್ ಬೆಲ್ಟಿಗೆ ಖಂಡಿತ ಹಾಕಬೇಡಿ. ಬೆಲ್ಟ್ ಓಡುವುದೇ ಹಿಡಿತದ ಮೇಲೆ. ಪುಡಿ ಹಾಕಿದರೆ ಶಬ್ದವೇನೋ ನಿಲ್ಲುತ್ತದೆ, ಆದರೆ ಪುಲ್ಲಿ ತಿರುಗುತ್ತ ಬೆಲ್ಟ್ ಜಾರಿ, ಕಾದು, ಹೊಳಪುಗಟ್ಟಿ ಬೇಗ ಹಾಳಾಗುತ್ತದೆ. ಬಿಗಿ ನೋಡಿ, ಪುಲ್ಲಿ ಒರೆಸಿ. ಬೆಲ್ಟ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ಉತ್ತರ 2 | ಪಂಕ್ಚರ್_ಪಾಠ

ಮೊದಲು ಟ್ಯೂಬಿನದೇ ಸರಿಯಾಗಿ ಆಗಲಿ. ಟೈರಿನ ಒಳಗೆ ಮಣ್ಣು, ತೇವ ಇಲ್ಲದಂತೆ ಒಣಬಟ್ಟೆಯಲ್ಲಿ ಒರೆಸಿ. ಸೈಕಲ್ಲಿಗೆ ಒಂದು ಚಮಚ, ಸ್ಕೂಟರಿಗೆ ಎರಡು. ಟೈರ್ ತಿರುಗಿಸುತ್ತ ಒಳಗೆಲ್ಲ ಹರಡಿಸಿ, ಹೆಚ್ಚಾದದ್ದನ್ನು ತಟ್ಟಿ ಹೊರಹಾಕಿ. ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಕೂರಿಸಿ. ಪುಡಿ ಇಲ್ಲದಿದ್ದರೆ ಟ್ಯೂಬ್ ಒಂದೆಡೆ ಅಂಟಿಕೊಂಡು ಇನ್ನೊಂದೆಡೆ ಮಡಿಚಿಕೊಳ್ಳುತ್ತದೆ. ಆ ಮಡಿಕೆಯೇ ಮುಂದೆ ಸೀಳುತ್ತದೆ. ಮುಷ್ಟಿಗಟ್ಟಲೆ ಸುರಿದರೂ ತೊಂದರೆ. ತೇವ ಸೇರಿದಾಗ ಗಂಟುಕಟ್ಟಿ ಟ್ಯೂಬನ್ನು ಉಜ್ಜುತ್ತದೆ.

ಪ್ಯಾಚ್ ಹಾಕುವ ಜಾಗದಲ್ಲಿ ಮಾತ್ರ ಪುಡಿಯ ಸುಳಿವೂ ಇರಬಾರದು. ಒರೆಸಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಸಲ್ಯೂಷನ್ (ಪಂಕ್ಚರ್ ಅಂಟು) ತೆಳ್ಳಗೆ ಹಚ್ಚಿ, ಕೈಗೆ ಹಸಿ ಅನ್ನಿಸದಷ್ಟು ಆರಿದ ಮೇಲೆ ಪ್ಯಾಚ್ ಒತ್ತಿ. ಪುಡಿ ಬರುವುದು ಕೊನೆಗೆ: ಪ್ಯಾಚಿನ ಸುತ್ತ ಉಳಿದ ಸಲ್ಯೂಷನ್ ಮೇಲೆ ಒಂದು ಚಿಟಿಕೆ ಸವರಿ, ಟೈರಿಗೆ ಅಂಟದಿರಲಿ.

ರೇನ್‌ಕೋಟ್, ಗಂಬೂಟು, ರಬ್ಬರ್ ಕೈಗವಸುಗಳನ್ನು ಮಳೆಗಾಲ ಮುಗಿದ ಮೇಲೆ ತೊಳೆದು, *ಪೂರ್ತಿ* ಒಣಗಿಸಿ, ಪುಡಿ ಸವರಿ ಮಡಿಚಿಡಿ. ಮುಂದಿನ ಜೂನಿಗೆ ಕಿತ್ತು ಬಿಡಿಸಬೇಕಾಗುವುದಿಲ್ಲ. ಫ್ರಿಜ್ ಬಾಗಿಲಿನ ರಬ್ಬರ್ ಅಂಟುತ್ತಿದ್ದರೆ ಮೊದಲು ಜಿಡ್ಡು ತೊಳೆಯಿರಿ, ಆಮೇಲೆ ಬಟ್ಟೆಯಲ್ಲಿ ತುಸು ಸವರಿದರೆ ಸಾಕು.

ಉತ್ತರ 3 | ತಂತಿ_ಕೆಲಸ

ಕಾಂಡ್ಯೂಟಿನಲ್ಲಿ (ಕರೆಂಟ್ ವೈರ್ ಹೋಗುವ ಪೈಪಿನಲ್ಲಿ) ವೈರ್ ಎಳೆಯುವಾಗ ಇದು ತುಂಬಾ ಉಪಯೋಗ. ಮೇನ್ ಆಫ್ ಮಾಡಿ, ವೈರ್ ಒಳಹೋಗುವ ಬಾಯಿಯ ಹತ್ತಿರ ಪುಡಿ ಸವರಿದ ಬಟ್ಟೆಯನ್ನು ಕೈಯಲ್ಲಿ ಹಿಡಿದು, ವೈರ್ ಅದರೊಳಗಿಂದ ಸಾಗುವಂತೆ ಮಾಡಿ. ಆಚೆಯಿಂದ ಇನ್ನೊಬ್ಬರು ನಿಧಾನಕ್ಕೆ ಎಳೆಯಲಿ. ಪೈಪಿನಲ್ಲಿ ನೀರು ಇಳಿದಿದ್ದರೆ ಇದು ಬೇಡ, ಗಂಟಾಗಿ ಬೆಂಡಿನಲ್ಲಿ ಕೂರುತ್ತದೆ. ಗ್ರಾಫೈಟ್ ಪುಡಿಯೂ ಜಾರುತ್ತದಲ್ಲ ಎಂದು ಅದನ್ನು ಹಾಕಬೇಡಿ. ಅದರಲ್ಲಿ ಕರೆಂಟ್ ಹರಿಯುತ್ತದೆ. ಟಾಲ್ಕಿನಲ್ಲಿ ಆ ಭಯವಿಲ್ಲ. ಅಡುಗೆ ಎಣ್ಣೆ, ಗ್ರೀಸ್ ಕೂಡ ಬೇಡ.

ಉತ್ತರ 4 | ಸೆರಗು

ರೇಷ್ಮೆ ಸೀರೆಗೆ ಎಣ್ಣೆ, ತುಪ್ಪ ಬಿದ್ದಾಗ ನೀರು ಮುಟ್ಟಿಸುವ ಮೊದಲು ಇದನ್ನು ಹಾಕಿ. ಕಲೆಯ ಕೆಳಗೆ ಬಿಳಿ ಹತ್ತಿ ಬಟ್ಟೆ ಇಟ್ಟು, ಮೇಲೆ ಕಲೆ ಕಾಣದಷ್ಟು ಪುಡಿ ಉದುರಿಸಿ. ಉಜ್ಜಬೇಡಿ, ಉಜ್ಜಿದರೆ ಎಣ್ಣೆ ಎಳೆಯೊಳಗೆ ಇಳಿಯುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೆತ್ತನೆಯ ಬ್ರಷ್ಷಿನಿಂದ ಕೊಡವಿ. ಕಲೆ ಇನ್ನೂ ಮಬ್ಬಾಗಿ ಕಂಡರೆ ಹೊಸ ಪುಡಿಯಲ್ಲಿ ಮತ್ತೊಮ್ಮೆ. ಇದು ಹೀರುವುದು ಜಿಡ್ಡನ್ನು ಮಾತ್ರ. ಸಾರು ಚೆಲ್ಲಿದ್ದರೆ ಎಣ್ಣೆ ಹೋದೀತು, ಅರಿಶಿನದ ಹಳದಿ ಹಾಗೇ ಉಳಿಯುತ್ತದೆ. ಕಪ್ಪು, ಕಡುಬಣ್ಣದ ಸೀರೆಗೆ ಒಳಭಾಗದಿಂದ ಹಾಕಿ.

ಎರಡುಗಾಲಿ

ಬೆಲ್ಟ್ ವಿಷಯ ಗೊತ್ತಾಯಿತು ಸರ್. ಬಾಗಿಲಿನ ತಿರುಗಣೆಗೆ? ಮರದ ಮಂಚದ ಕಿರಿಕಿರಿಗೆ?

ಉತ್ತರ 5 | ಬಳಪದಕಲ್ಲು

ತಿರುಗಣೆಗೆ ಬೇಡ. ಅಲ್ಲಿ ಈಗಾಗಲೇ ಎಣ್ಣೆ ಇರುತ್ತದೆ. ಪುಡಿ ಸೇರಿದರೆ ಮಡ್ಡಿಯಾಗುತ್ತದೆ. ಬೀಗಕ್ಕೂ ಅಷ್ಟೇ, ಅಲ್ಲಿ ಗ್ರಾಫೈಟ್ ಸರಿ. ಮಂಚಕ್ಕೆ ಹೊಂದುತ್ತದೆ: ಬೋಲ್ಟ್ ಸಡಿಲಿಸಿ, ಮರಕ್ಕೆ ಮರ ತಾಗುವ ಸಂದಿಗೆ ಸವರಿ, ಮತ್ತೆ ಬಿಗಿ ಮಾಡಿ. ಡ್ರಾಯರಿಗೆ ಮಾತ್ರ ಮೇಣದಬತ್ತಿ ಉಜ್ಜುವುದೇ ಮೇಲು, ಪುಡಿಯಾದರೆ ಉದುರಿ ಬಟ್ಟೆಗೆ ಬೀಳುತ್ತದೆ.

ಮರದ ತೂತು ತುಂಬಲು ಎಪಾಕ್ಸಿಗೂ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಸೇರಿಸಬಹುದು. ರೆಸಿನ್, ಹಾರ್ಡನರ್ ಎರಡನ್ನೂ ಪೊಟ್ಟಣದ ಮೇಲಿನ ಅಳತೆಯಲ್ಲಿ ಪೂರ್ತಿ ಕಲಸಿ, *ಆಮೇಲೆ* ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ದೋಸೆಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ ಇರುವಂತೆ ಮಾಡಿ. ಮೊದಲೇ ಪುಡಿ ಬೆರೆಸಿದರೆ ಹಾರ್ಡನರ್ ಸಮನಾಗಿ ಬೆರೆಯದೆ ಅಲ್ಲಲ್ಲಿ ಅಂಟು ಉಳಿಯುತ್ತದೆ. ಗಟ್ಟಿಯಾದ ಮೇಲೆ ಉಜ್ಜಲು ಸುಲಭ. ಆದರೆ ಭಾರ ಹೊರುವ ಜಾಗಕ್ಕೆ ಇದು ತಾಳುವುದಿಲ್ಲ.

ಕೊನೆಗೆ ದೂಳಿನ ಮಾತು. ಇದನ್ನು ಊದಬೇಡಿ, ಫ್ಯಾನ್ ಕೆಳಗೆ ಕೊಡವಬೇಡಿ. ಹಳೆಯ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಅದರಲ್ಲಿ ಒಂದು ಹಿಡಿ ಕಟ್ಟಿಟ್ಟು, ಆ ಗಂಟನ್ನು ಒತ್ತಿ ಸವರಿದರೆ ಹಾರುವುದು ಕಡಿಮೆ. ಎನ್‌95 ಮಾಸ್ಕ್ ಇರಲಿ. ಕೆಲವು ಗಣಿಗಳಲ್ಲಿ ಟಾಲ್ಕ್ ಜೊತೆಗೇ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಅದಕ್ಕೇ ಕಲ್ನಾರುರಹಿತ ಎಂದು ನಮೂದಿಸಿದ್ದನ್ನೇ ಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ ಟಾಲ್ಕನ್ನೇ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಎಂಬ 2ಎ ಗುಂಪಿಗೆ ಸೇರಿಸಿದೆ. ಮಗುವಿನ ಮೈಗೆ ಈ ಪೊಟ್ಟಣದ್ದು ಬೇಡವೇ ಬೇಡ. ಟೈಲ್ಸ್ ಮೇಲೆ ಚೆಲ್ಲಿದರೆ ಪೊರಕೆ ಆಡಿಸದೆ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಇಲ್ಲದಿದ್ದರೆ ಮೊದಲು ಬಂದವರೇ ಜಾರುತ್ತಾರೆ.