ತಮ್ಮ ಆರಾಮಾಗಿದ್ದಾನೆ, ಆದರೂ ಕೊಲೊನೊಸ್ಕೋಪಿ ಬೇಕಾ?

ಬೇಲೂರಿನಿಂದ ಪ್ರಶ್ನೆ:
ನನ್ನ ತಮ್ಮನಿಗೆ 34 ವರ್ಷ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಎಂದು ಗೊತ್ತಾಗಿ ಆರು ವರ್ಷ ಆಯಿತು. ಮೆಸಾಲಮೈನ್ ಮಾತ್ರೆ ನುಂಗುತ್ತಾನೆ, ಈಗ ಆರಾಮಾಗಿದ್ದಾನೆ. ಆದರೂ ಡಾಕ್ಟರು ಕ್ಯಾನ್ಸರ್ ತಪಾಸಣೆಗೆ ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಬಿಟ್ಟು ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಿ ಅಂದಿದ್ದಾರೆ. ಆ ಮಾತು ಕೇಳಿದಾಗಿನಿಂದ ಅಮ್ಮನಿಗೆ ಊಟ ಸೇರುತ್ತಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ನೂರಕ್ಕೆ 18 ಜನಕ್ಕೆ ಬರುತ್ತದೆ ಎಂದಿದೆ. ತಮ್ಮ "ಕಾಫಿ ಕುಯ್ಲು ಮುಗಿಯಲಿ, ಆಮೇಲೆ ನೋಡೋಣ" ಅನ್ನುತ್ತಾನೆ. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಹಾಸನದಿಂದ:
ಅಕ್ಕ, ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಕ್ಯಾನ್ಸರ್ ಇದೆ ಅಂತ ಯಾರೂ ಹೇಳಿಲ್ಲ. ಈ ಕಾಯಿಲೆ ಇರುವವರಲ್ಲಿ ಹೆಚ್ಚಿನವರಿಗೆ ಅದು ಬರುವುದೂ ಇಲ್ಲ. ನೀವು ಓದಿದ 18, 2001ರಲ್ಲಿ ಬಂದ ಲೆಕ್ಕ. ಅದೂ ಕಾಯಿಲೆ ಶುರುವಾಗಿ 30 ವರ್ಷ ಕಳೆದ ಮೇಲೆ. ಅದೇ ಲೆಕ್ಕದಲ್ಲಿ 10 ವರ್ಷಕ್ಕೆ ನೂರಕ್ಕೆ 2. ಈಚಿನ ಅಧ್ಯಯನಗಳಲ್ಲಿ ಅಷ್ಟೂ ಇಲ್ಲ.

ಇನ್ನು ತಮ್ಮನನ್ನು ಒಂದು ಮಾತು ಕೇಳಿ. ಮಲದಲ್ಲಿ ಮೊದಲ ಸಲ ರಕ್ತ ಹೋಗಿದ್ದು ಯಾವಾಗ?

ನನಗೆ ಹೋಗಿದ್ದು 2011ರ ಬೇಸಿಗೆಯಲ್ಲಿ. ಮನೆಯಲ್ಲಿ ಉಷ್ಣ ಅಂದರು, ಮೆಂತ್ಯ ನೆನೆಹಾಕಿ ಕೊಟ್ಟರು. ಒಂದು ಕ್ಲಿನಿಕ್ಕಿನಲ್ಲಿ ಮೂಲವ್ಯಾಧಿ ಅಂತ ಮೂರು ವರ್ಷ ಮುಲಾಮು ಹಚ್ಚಿಸಿದರು. ಒಳಗೆ ಕ್ಯಾಮೆರಾ ಬಿಟ್ಟು ನೋಡಿದ್ದು 2014ರಲ್ಲಿ. ನಾನು ಅಲ್ಲಿಂದಲೇ ವರ್ಷ ಎಣಿಸುತ್ತಿದ್ದೆ. 2019ರಲ್ಲಿ ಹೊಸ ಡಾಕ್ಟರು ಎಲ್ಲ ಕೇಳಿಸಿಕೊಂಡು, ಫೈಲಿನ ಮೊದಲ ಪುಟದಲ್ಲಿ 2014ರ ಮೇಲೆ ಗೆರೆ ಎಳೆದು ಪಕ್ಕದಲ್ಲಿ 2011 ಅಂತ ಬರೆದರು. ರಿಪೋರ್ಟ್ ಬಂದ ದಿನದಿಂದ ಅಲ್ಲ, ತೊಂದರೆ ಶುರುವಾದ ದಿನದಿಂದ ಎಣಿಸಬೇಕು ಅಂದರು. ಎಂಟು ವರ್ಷ ಆಯಿತು ಅಂದರೆ ತಪಾಸಣೆ ಶುರು ಮಾಡುವ ಹೊತ್ತು. ನಿಮ್ಮ ತಮ್ಮನ ಆರು ವರ್ಷವೂ ನಿಜವಾಗಿ ಆರೇ ಇರಲಿಕ್ಕಿಲ್ಲ.

ಆರಾಮಾಗಿದ್ದಾನೆ ಅಂತ ಬಿಡಬೇಡಿ. ಆರಾಮಿರುವಾಗಲೇ ಮಾಡಿಸಬೇಕು. ಕರುಳು ಕೆಂಪಾಗಿ ಊದಿಕೊಂಡಿದ್ದರೆ, ಯಾವುದು ಬರೀ ಉರಿಯೂತ, ಯಾವುದು ಕೆಡಲು ಶುರುವಾದ ಜೀವಕೋಶ ಅಂತ ಬೇರೆ ಮಾಡುವುದು ಕಷ್ಟ. ಆ ಕೆಡುವಿಕೆಗೆ ಡಿಸ್ಪ್ಲೇಸಿಯಾ ಅನ್ನುತ್ತಾರೆ. ಅದಕ್ಕೆ ನೋವೂ ಇಲ್ಲ, ರಕ್ತವೂ ಬರದೆ ಇರಬಹುದು. ಆ ಹಂತದಲ್ಲೇ ಸಿಕ್ಕಿದರೆ ಎಷ್ಟೋ ಸಲ ಕೊಲೊನೊಸ್ಕೋಪಿಯಲ್ಲೇ ತೆಗೆದುಹಾಕುತ್ತಾರೆ. ನಾನು ಆ ವರ್ಷ ಮುಂದೂಡಿದೆ, ಮಾತ್ರೆಯನ್ನೂ ಸುಮ್ನೆ ನಿಲ್ಲಿಸಿದೆ. ಮತ್ತೆ ಜಾಸ್ತಿಯಾಗಿ ಐದು ತಿಂಗಳು ತಡವಾಯಿತು. ಆ ಐದು ತಿಂಗಳು ನಿದ್ದೆ ಇಲ್ಲದೆ ಕಳೆದಿದ್ದೇನೆ. ತಮ್ಮನಿಗೆ ಅದು ಬೇಡ.

ಡಾಕ್ಟರನ್ನು ಕೇಳಬೇಕಾದ್ದು ಒಂದಿದೆ, ಕಾಯಿಲೆ ಎಲ್ಲಿಯವರೆಗೆ ಹಬ್ಬಿದೆ ಅಂತ. ಗುದನಾಳದಲ್ಲಿ ಮಾತ್ರ ಇದ್ದರೆ ಅಪಾಯ ಹೆಚ್ಚೇನೂ ಏರುವುದಿಲ್ಲ. ದೊಡ್ಡ ಕರುಳು ಪೂರ್ತಿ ಇದ್ದರೆ ಜಾಸ್ತಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಮರೆಯದೆ ಹೇಳಿ. ಪಿತ್ತನಾಳದ ಪಿಎಸ್‌ಸಿ ಎಂಬ ಕಾಯಿಲೆ ಜೊತೆಗಿದ್ದರೆ ಎಂಟು ವರ್ಷ ಕಾಯುವ ಹಾಗಿಲ್ಲ, ಅದು ಗೊತ್ತಾದಾಗಿನಿಂದ ಪ್ರತಿ ವರ್ಷ ಮಾಡಿಸಬೇಕು. ಉಳಿದವರಿಗೆ ಅಪಾಯ ನೋಡಿ 1, 3 ಅಥವಾ 5 ವರ್ಷಕ್ಕೊಮ್ಮೆ. ನನ್ನದು ಮೂರು ವರ್ಷಕ್ಕೊಮ್ಮೆ.

ಪರೀಕ್ಷೆಗಿಂತ ಹಿಂದಿನ ದಿನ ಕಷ್ಟ. ಎರಡು ಮೂರು ದಿನ ಮೊದಲೇ ಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು ಬಿಡಬೇಕು. ನಮ್ಮ ಕಡೆಯವರಿಗೆ ಇದೇ ದೊಡ್ಡ ಶಿಕ್ಷೆ. ನಾನು ಬಿಳಿ ಅನ್ನ, ತಿಳಿಸಾರು ತಿಂದೆ. ಹಿಂದಿನ ದಿನ ಬರೀ ನೀರಿನಂಥದ್ದು: ಗಂಜಿ ತಿಳಿ, ಎಳನೀರು, ಹಾಲಿಲ್ಲದ ಕಾಫಿ. ಕೆಂಪು ಶರಬತ್ತು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಭೇದಿಯ ಪುಡಿ ಕಲಸಿದ ನೀರನ್ನು ಅರ್ಧ ಸಂಜೆ, ಅರ್ಧ ಬೆಳಗಿನ ಜಾವ ಕುಡಿಸಿದರು. ಉಪ್ಪುಪ್ಪು, ಗಂಟಲಲ್ಲಿ ಇಳಿಯುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ ಮೇಲೆ ಇಳಿಯಿತು. ಕೊನೆಗೆ ನಿಂಬೆ ಪಾನಕದ ಹಾಗೆ ತಿಳಿ ಹಳದಿ ನೀರು ಹೋದರೆ ಸರಿಯಾಯಿತು ಅಂತ.

ದಯವಿಟ್ಟು ಅದನ್ನು ಕುಡಿದು ಬೇಲೂರಿನಿಂದ ಬಸ್ ಹತ್ತಿಸಬೇಡಿ. ಹಿಂದಿನ ರಾತ್ರಿಯೇ ಆಸ್ಪತ್ರೆ ಹತ್ತಿರ ಉಳಿಯಲಿ. ಮಂಪರು ಔಷಧಿ ಕೊಡುವುದರಿಂದ ಜೊತೆಗೊಬ್ಬರು ಇರಬೇಕು, ಅವತ್ತು ಬೈಕ್ ಓಡಿಸಬಾರದು. ನನಗೆ ಕರುಳಿನೊಳಗೆ ನೀಲಿ ಬಣ್ಣ ಸಿಂಪಡಿಸಿ ನೋಡಿದರು. ಹಾಗೆ ಮಾಡಿದರೆ ಚಪ್ಪಟೆಯಾದ ಗಡ್ಡೆಗಳೂ ಎದ್ದು ಕಾಣುತ್ತವಂತೆ. ಮೂತ್ರ ನೀಲಿ ಹಸಿರಾಗಿ ಬಂದರೆ ಗಾಬರಿಯಾಗಬೇಡಿ.

ಚಿಕ್ಕಮಗಳೂರಿನಿಂದ:
ನಮ್ಮ ಯಜಮಾನರಿಗೆ ಕ್ರೋನ್ಸ್, ಅದೂ ಕರುಳಿನ ಉರಿಯೂತದ ಕಾಯಿಲೆಯೇ. ದೊಡ್ಡ ಕರುಳಿನಲ್ಲೂ ಹೆಚ್ಚು ಭಾಗಕ್ಕೆ ಇರುವುದರಿಂದ ಅವರಿಗೂ ಇದೇ ತಪಾಸಣೆ. ಮಲ ಪರೀಕ್ಷೆ ಮಾಡಿಸಿದರೆ ಸಾಲದಾ ಅಂತ ನಾವೂ ಕೇಳಿದ್ದೆವು. ಈ ಕಾಯಿಲೆ ಇರುವವರಿಗೆ ಅದು ಕೊಲೊನೊಸ್ಕೋಪಿಯ ಬದಲಿಗೆ ಆಗುವುದಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ. ಉರಿಯೂತ ಹತೋಟಿಯಲ್ಲಿದ್ದಷ್ಟೂ ಅಪಾಯ ಕಡಿಮೆ.

ಬೇಲೂರಿನಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನನ್ನು ಕೂರಿಸಿಕೊಂಡು ಕೇಳಿದೆ. ಡಿಗ್ರಿ ಕೊನೆಯ ವರ್ಷದಲ್ಲೇ ರಕ್ತ ಹೋಗುತ್ತಿತ್ತಂತೆ, ನಾಚಿಕೆಯಿಂದ ಹೇಳಿರಲಿಲ್ಲ. ಹದಿಮೂರು ವರ್ಷ ಆಯಿತು. ಬರುವ ಮಂಗಳವಾರಕ್ಕೆ ಹೆಸರು ಬರೆಸಿದ್ದೇವೆ. ಸೋಮವಾರ ಸಂಜೆಯೇ ಹಾಸನದ ಚಿಕ್ಕಮ್ಮನ ಮನೆಗೆ ಹೋಗುತ್ತೇವೆ, ಅಮ್ಮನೂ ಬರುತ್ತಾರೆ.